ದೂರ ಭೂಮಿಯದು, ಹೊತ್ತು ಗಾಳಿಯದು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಸುಮಾರು 14,000 ಕಿಲೋಮೀಟರ್. ಅಲ್ಲಿಂದ ಇಲ್ಲಿಗೂ ಅಷ್ಟೇ ದೂರ. ಆದರೂ 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ವಿಮಾನ ಹಾರಿಸತೊಡಗಿದಾಗ, ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿಬಂದ ತಾಯಂದಿರು “ಹೋಗುವಾಗ ಬೇಗ ಮುಟ್ಟಿದೆವು, ಬರುವಾಗ ಸಾಕೋ ಸಾಕಾಯಿತು” ಎಂದರೆ ಅದರಲ್ಲಿ ದಣಿವಿನ ಪಾಲು ಸ್ವಲ್ಪ, ಗಾಳಿಯ ಪಾಲು ದೊಡ್ಡದು.

ಪ್ರಯಾಣದ ಮಾತು ಬಂದಾಗ ದೂರ ಮತ್ತು ಸಮಯ ಎಂಬ ಎರಡು ಅಂಕಿಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಆದರೆ ಅವುಗಳ ಹುಟ್ಟು ಬೇರೆಬೇರೆ. ದೂರವನ್ನು ಕರಾರುವಾಕ್ಕಾಗಿ ಹೇಳುವ ವಿದ್ಯೆಗಾಗಿ ನಾವಿಕರು, ಗಣಿತಜ್ಞರು, ಭೂಮಾಪಕರು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ದುಡಿದರು. ಸಮಯದ ಗುಟ್ಟನ್ನು ಜಪಾನಿನ ಹವಾಮಾನ ವಿಜ್ಞಾನಿಯೊಬ್ಬರು 1920ರ ದಶಕದಲ್ಲೇ ಕಂಡು, ಅಚ್ಚುಹಾಕಿಸಿ, ಲೋಕಕ್ಕೆ ಹಂಚಿದ್ದರು. ಅದನ್ನು ಓದಿದವರು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಅದೇ ಗಾಳಿಯನ್ನು ಜಗತ್ತು ಮತ್ತೆ ಕಂಡುಹಿಡಿಯಬೇಕಾಯಿತು, ಅದೂ ಯುದ್ಧದ ನಡುವೆ.

ನಾವಿಕನ ಅನುಮಾನ

ದೂರದ ಕತೆ ಮೊದಲು. ಪೋರ್ಚುಗೀಸ್ ನಾವಿಕ ಮಾರ್ಟಿಮ್ ಅಫೊನ್ಸೊ ದ ಸೋಜಾ 1530ರ ದಶಕದ ಆರಂಭದಲ್ಲಿ ಬ್ರೆಜಿಲ್ ಯಾನ ಮುಗಿಸಿ ಊರಿಗೆ ಮರಳಿದ. ಮುಂದೆ ಗೋವೆಯ ಗವರ್ನರ್ ಆಗಿ ಬಂದು, 1542ರಲ್ಲಿ ನಮ್ಮ ಭಟ್ಕಳದ ಮೇಲೆ ದಾಳಿ ಮಾಡಿದವನೂ ಇವನೇ. ಕಡಲಲ್ಲಿ ಅವನನ್ನು ಒಂದು ಅನುಮಾನ ಕಾಡಿತ್ತು. ನೇರ ಪೂರ್ವಕ್ಕೆ ಮುಖಮಾಡಿ ಹೊರಟವನ ದಾರಿ, ಗೋಳದ ಲೆಕ್ಕದ ಪ್ರಕಾರ, ಸಮಭಾಜಕ ವೃತ್ತದ ಕಡೆಗೆ ಬಾಗುತ್ತ ಹೋಗಬೇಕು. ಆದರೆ ದಿಕ್ಸೂಚಿ ನೋಡಿಕೊಂಡು ಪೂರ್ವಕ್ಕೇ ನಡೆಸಿದ ಹಡಗು ಅದೇ ಅಕ್ಷಾಂಶದಲ್ಲಿ ಉಳಿಯುತ್ತದೆ. ಹೀಗೇಕೆ?

ಉತ್ತರ ಕೊಟ್ಟವನು ಗಣಿತಜ್ಞ ಪೆಡ್ರೊ ನೂನೆಸ್. 1537ರಲ್ಲಿ ಪ್ರಕಟವಾದ ಅವನ ಬರಹ ಎರಡು ದಾರಿಗಳನ್ನು ಬೇರ್ಪಡಿಸಿತು. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗಿದರೆ ಸಿಗುವ ದಾರಿ ಒಂದು. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ಮಹಾವೃತ್ತದ ಮೇಲಿನ ದಾರಿ ಇನ್ನೊಂದು. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಮಹಾವೃತ್ತದ್ದೇ. ಆದರೆ ಆ ದಾರಿಯಲ್ಲಿ ಹೋಗುವವನು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರಬೇಕು.

1569ರಲ್ಲಿ ಭೂಪಟಕಾರ ಮರ್ಕೇಟರ್ ತಯಾರಿಸಿದ ಭೂಪಟದಲ್ಲಿ ಒಂದೇ ದಿಕ್ಕಿನ ದಾರಿ ನೆಟ್ಟಗಿನ ಗೆರೆಯಾಗಿ ಕಾಣುತ್ತದೆ. ನಾವಿಕರಿಗೆ ಅದರಿಂದ ಬಹಳ ಅನುಕೂಲವಾಯಿತು. ಶಾಲೆಯ ಗೋಡೆಗಳ ಮೇಲೂ ಬಹುಕಾಲ ಅದೇ ಮಾದರಿಯ ಭೂಪಟಗಳು ತೂಗಿದವು. ಹೀಗಾಗಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದಾರಿ ಯಾವುದು ಎಂದರೆ ನಮ್ಮ ಬೆರಳು ಆಗ್ನೇಯ ಏಷ್ಯ ದಾಟಿ ಪೆಸಿಫಿಕ್ ಸಾಗರದ ಮೇಲೆ ಸರಿಯುತ್ತದೆ.

ಲೆಕ್ಕ ಮಾಡಿ ನೋಡೋಣ

ಬೆಂಗಳೂರು ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿ. ಪೂರ್ವದ ಕಡೆಯಿಂದ ಎಣಿಸಿದರೆ ಎರಡರ ರೇಖಾಂಶಗಳ ಅಂತರ 159.9 ಡಿಗ್ರಿ. ಇಷ್ಟು ಗೊತ್ತಿದ್ದರೆ ಸಾಕು, ಗೋಳ ತ್ರಿಕೋನಮಿತಿಯ ಒಂದೇ ಸೂತ್ರ ಉಳಿದದ್ದನ್ನು ಹೇಳುತ್ತದೆ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದು ಕಡೆ ಬರೆದುಕೊಳ್ಳಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶದ ಅಂತರದ ಕೊಸೈನನ್ನೂ ಗುಣಿಸಿ ಅದಕ್ಕೆ ಕೂಡಿಸಿ. ಬಂದ ಮೊತ್ತ ಭೂಕೇಂದ್ರದಲ್ಲಿ ಈ ಎರಡು ಊರುಗಳ ನಡುವಿನ ಕೋನದ ಕೊಸೈನ್. ನಮ್ಮ ಲೆಕ್ಕದಲ್ಲಿ ಆ ಕೋನ ಸುಮಾರು 125.8 ಡಿಗ್ರಿ. ಒಂದು ಡಿಗ್ರಿಗೆ ಭೂಮಿಯ ಮೇಲೆ ಸುಮಾರು 111.2 ಕಿಲೋಮೀಟರ್. ಗುಣಿಸಿದರೆ 13,990 ಕಿಲೋಮೀಟರ್ ಆಸುಪಾಸು ಬರುತ್ತದೆ.

ಭೂಪಟದ ಮೇಲೆ ನಮ್ಮ ಬೆರಳು ಸರಿದ ದಾರಿಯನ್ನೂ ಲೆಕ್ಕ ಹಾಕಿದರೆ 16,100 ಕಿಲೋಮೀಟರ್ ಆಗುತ್ತದೆ. ಕಣ್ಣಿಗೆ ನೇರವೆಂದು ಕಂಡದ್ದು ನಿಜದಲ್ಲಿ 2,000 ಕಿಲೋಮೀಟರಿಗೂ ಮಿಕ್ಕಿದ ಸುತ್ತು!

ಹಾಗಾದರೆ ಚಿಕ್ಕ ದಾರಿ ಎಲ್ಲಿ ಹೋಗುತ್ತದೆ? ಗ್ಲೋಬ್ ಒಂದನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಬೆಂಗಳೂರಿನಿಂದ ಈಶಾನ್ಯಕ್ಕಿಂತ ಉತ್ತರಕ್ಕೇ ಹೆಚ್ಚು ವಾಲಿ ಹೊರಡುತ್ತದೆ. ಛತ್ತೀಸ್‌ಗಢ, ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ ದಾಟಿ, ಸುಮಾರು 71 ಡಿಗ್ರಿ ಉತ್ತರದಲ್ಲಿ ಆರ್ಕ್‌ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಕೆಳಗಿಳಿದು ಅಲಾಸ್ಕದ ಮೇಲೆ ಹಾದು ಕ್ಯಾಲಿಫೋರ್ನಿಯ ಸೇರುತ್ತದೆ. ವಿಮಾನಗಳು ಈ ದಾರದ ಮೇಲೆಯೇ ಹಾರುವುದಿಲ್ಲ. ಹಾರಾಟದ ನಡುವೆ ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಅದನ್ನು ಬಳಸಿಕೊಂಡು ಹೋಗುತ್ತಾರೆ.

ಭೂಮಿ ಪೂರ್ತಿ ಗುಂಡಗಿಲ್ಲ ಎಂಬುದು ಇನ್ನೊಂದು ತೊಡಕು. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಈ 21 ಕಿಲೋಮೀಟರಿನ ವ್ಯತ್ಯಾಸವನ್ನು ನಿಖರವಾಗಿ ಅಳೆಯುವ ಜಾಗತಿಕ ಕೆಲಸಕ್ಕೆ ಬೆಂಗಳೂರೂ ನೆಲ ಕೊಟ್ಟಿದೆ. ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು ಅಳೆದ. ಅದಕ್ಕೆ ಬಳಸಿದ 100 ಅಡಿಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಕೊಡಲೆಂದು ಇಂಗ್ಲೆಂಡಿನಿಂದ ಹೊರಟಿದ್ದು! ಎರಡು ವರ್ಷದ ಬಳಿಕ ಅವನು ಮದ್ರಾಸಿನಿಂದ ಆರಂಭಿಸಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಫಲವಾಗಿ, ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಹೊಸ ಅಳತೆಯನ್ನು ಪ್ರಕಟಿಸಿದ. ಭಾರತದ ನಕ್ಷೆಗಳು ಬಹುಕಾಲ ನಿಂತದ್ದು ಅದೇ ಅಳತೆಯ ಮೇಲೆ.

1975ರಲ್ಲಿ ಭೂಮಾಪನ ತಜ್ಞ ಥ್ಯಾಡಿಯಸ್ ವಿನ್ಸೆಂಟಿ, ಈ ಚಪ್ಪಟೆ ಗೋಳದ ಮೇಲೆ ಎರಡು ಬಿಂದುಗಳ ಅಂತರವನ್ನು ಮಿಲಿಮೀಟರ್ ಮಟ್ಟದಲ್ಲಿ ಹೇಳುವ ಸೂತ್ರಗಳನ್ನು ಕೊಟ್ಟ. ನೂನೆಸ್ ಬಿಡಿಸಲು ಹೊರಟ ಗಂಟು ಅಲ್ಲಿಗೆ ಪೂರ್ತಿ ಬಿಚ್ಚಿಕೊಂಡಿತು. ದೂರ ಎಂಬುದು ಇನ್ನು ವಾದಕ್ಕೆ ಎಡೆಯಿಲ್ಲದ ಸಂಖ್ಯೆ.

ತತೆನೊದ ಬಲೂನುಗಳು

ಸಮಯ ಹಾಗಲ್ಲ. ದೊಡ್ಡ ಜೆಟ್ ವಿಮಾನ ಗಾಳಿಯನ್ನು ಸೀಳಿಕೊಂಡು ಗಂಟೆಗೆ ಸುಮಾರು 900 ಕಿಲೋಮೀಟರ್ ಸಾಗುತ್ತದೆ. ಗಾಳಿ ನಿಶ್ಚಲವಾಗಿದ್ದರೆ 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಸಾಕು. ಆದರೆ ತುಂಬು ಹೊಳೆಯಲ್ಲಿ ದೋಣಿಗೆ ಆಗುವುದೇ ವಿಮಾನಕ್ಕೂ ಆಗುತ್ತದೆ. ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಬೆನ್ನಿಗಿದ್ದರೆ 14 ಗಂಟೆಗೇ ಊರು ಸಿಗುತ್ತದೆ. ಅದೇ ಗಾಳಿ ಎದುರಾದರೆ ಹದಿನೇಳೂವರೆ ಗಂಟೆ. ಮೂರೂವರೆ ಗಂಟೆಯ ಈ ಅಂತರ ಪೂರ್ತಿ ಗಾಳಿಯ ಕೈವಾಡ.

ಅಷ್ಟು ಎತ್ತರದಲ್ಲಿ ಅಷ್ಟು ಬಿರುಸಾದ ಗಾಳಿ ಇದೆಯೆಂದು ಮೊದಲು ಅಳೆದು ತೋರಿಸಿದವರು ಆ ಜಪಾನಿ ವಿಜ್ಞಾನಿ, ವಾಸಬುರೊ ಓಯಿಶಿ. ಜರ್ಮನಿ ಮತ್ತು ಅಮೆರಿಕದ ವೀಕ್ಷಣಾಲಯಗಳನ್ನು ನೋಡಿಬಂದ ಅವರು, ಟೋಕಿಯೊದ ಈಶಾನ್ಯಕ್ಕಿರುವ ತತೆನೊ ಎಂಬಲ್ಲಿ 1920ರಲ್ಲಿ ಆರಂಭವಾದ ಮೇಲ್ಗಾಳಿ ವೀಕ್ಷಣಾಲಯದ ನಿರ್ದೇಶಕರಾದರು.

ಅವರ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ರಬ್ಬರ್ ಬಲೂನಿಗೆ ಇಷ್ಟೇ ಎಂದು ಅಳೆದು ಹೈಡ್ರೋಜನ್ ತುಂಬಬೇಕು. ಅದು ಏರುವ ವೇಗ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ, ಎಷ್ಟು ನಿಮಿಷಕ್ಕೆ ಎಷ್ಟು ಎತ್ತರ ಎಂಬುದು ಮೊದಲೇ ಗೊತ್ತಿರುತ್ತದೆ. ಬಲೂನನ್ನು ಬಿಟ್ಟು, ಕೆಳಗೆ ಥಿಯೊಡೊಲೈಟ್ ದುರ್ಬೀನಿಗೆ ಕಣ್ಣಿಟ್ಟು ಕೂರಬೇಕು. ಒಬ್ಬರು ನಿಮಿಷ ಕೂಗುತ್ತಾರೆ. ನೋಡುವವರು ಬಲೂನು ದಿಗಂತದಿಂದ ಎಷ್ಟು ಕೋನ ಮೇಲಿದೆ, ಯಾವ ದಿಕ್ಕಿನಲ್ಲಿದೆ ಎಂದು ಓದಿ ಹೇಳುತ್ತಾರೆ. ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬಲೂನು ಚುಕ್ಕೆಯಾಗಿ, ಚುಕ್ಕೆ ಮಾಯವಾಗುವವರೆಗೂ ಇದೇ ಕೆಲಸ. ಆಮೇಲೆ ಎತ್ತರ ಮತ್ತು ಕೋನದಿಂದ ಪ್ರತಿ ನಿಮಿಷಕ್ಕೆ ಬಲೂನು ಎಲ್ಲಿತ್ತೆಂದು ಕಾಗದದ ಮೇಲೆ ಗುರುತು ಹಾಕಬೇಕು. ಒಂದು ಗುರುತಿಗೂ ಮುಂದಿನದಕ್ಕೂ ಇರುವ ಅಂತರವೇ ಆ ಎತ್ತರದ ಗಾಳಿಯ ವೇಗ.

1923ರಿಂದ 1925ರವರೆಗೆ ಓಯಿಶಿ ಮತ್ತು ಸಂಗಡಿಗರು ಇಂಥ 1,200ಕ್ಕೂ ಹೆಚ್ಚು ವೀಕ್ಷಣೆಗಳನ್ನು ದಾಖಲಿಸಿದರು. ಚಳಿಗಾಲದ ಕಾಗದಗಳಲ್ಲಿ ಗುರುತುಗಳು ದೂರದೂರ ಬಿದ್ದವು. 9 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಸೆಕೆಂಡಿಗೆ 70 ಮೀಟರ್ ಮುಟ್ಟಿತ್ತು, ಅಂದರೆ ಗಂಟೆಗೆ 250 ಕಿಲೋಮೀಟರ್. ಕರಾವಳಿಗೆ ಅಪ್ಪಳಿಸುವ ಭೀಕರ ಚಂಡಮಾರುತದ ವೇಗ ಅದು. ತತೆನೊದ ನೆತ್ತಿಯ ಮೇಲೆ ಮಾತ್ರ ಅದು ಚಳಿಗಾಲದ ವಾಡಿಕೆಯ ಗಾಳಿ!

1926ರಲ್ಲಿ ಓಯಿಶಿ ತಮ್ಮ ವರದಿಯನ್ನು ಪ್ರಕಟಿಸಿದರು. ಜಪಾನಿ ಭಾಷೆಯಲ್ಲಿ ಬರೆದರೆ ಹೊರಗಿನವರು ಓದಲಾರರು ಎಂಬುದು ಅವರಿಗೆ ಗೊತ್ತಿತ್ತು. ಅವರು ಎಸ್ಪೆರಾಂಟೊದ ನಿಷ್ಠಾವಂತ ಪ್ರಚಾರಕರು. ಯಾವ ದೇಶಕ್ಕೂ ಸೇರದೆ ಎಲ್ಲರಿಗೂ ಸೇರಬೇಕೆಂದು 1887ರಲ್ಲಿ ರೂಪುಗೊಂಡ ಆ ಭಾಷೆಯಲ್ಲೇ ಬರೆದರು. ಎಲ್ಲರಿಗೂ ತಲುಪಲಿ ಎಂಬ ಅವರ ಆಸೆ ದೊಡ್ಡದು, ಗೌರವಕ್ಕೆ ತಕ್ಕದ್ದು. ಆದರೆ ಯುರೋಪು, ಅಮೆರಿಕಗಳ ಹವಾಮಾನ ಕಚೇರಿಗಳಲ್ಲಿ ಆ ಭಾಷೆ ಬಲ್ಲವರು ಬೆರಳೆಣಿಕೆಯಷ್ಟೂ ಇರಲಿಲ್ಲ. ವರದಿ ಕಪಾಟು ಸೇರಿತು.

ಒಕ್ಕಣ್ಣಿನ ಪೈಲಟ್

ಹತ್ತು ವರ್ಷವೂ ಕಳೆಯುವ ಮೊದಲು, ಅಮೆರಿಕದ ಪೈಲಟ್ ವೈಲಿ ಪೋಸ್ಟ್ ಅದೇ ಗಾಳಿಯನ್ನು ಮೈಮೇಲೆ ಎಳೆದುಕೊಂಡ. ತೈಲಬಾವಿಯ ಕೆಲಸದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಈತ 1933ರಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿಬಂದಿದ್ದ. ಇನ್ನೂ ಎತ್ತರಕ್ಕೆ ಹೋದರೆ ಇನ್ನೂ ವೇಗ ಸಿಗುತ್ತದೆ ಎಂಬುದು ಅವನ ನಂಬಿಕೆ. ‘ವಿನ್ನಿ ಮೇ’ ಎಂಬ ಅವನ ವಿಮಾನ ಪ್ಲೈವುಡ್ಡಿನದು, ಅದರೊಳಗೆ ಒತ್ತಡ ಹಿಡಿದಿಡಲಾಗದು. ಆದ್ದರಿಂದ ಒತ್ತಡವನ್ನು ತನ್ನ ಮೈಸುತ್ತಲೇ ಹಿಡಿದಿಡುವ ರಬ್ಬರಿನ ದಿರಿಸನ್ನು ಮಾಡಿಸಿಕೊಂಡ. ಇಂದಿನ ಗಗನಯಾನಿಗಳ ಉಡುಪಿನ ಹಿರಿಯ ಅದು.

1935ರ ಮಾರ್ಚ್ 15ರಂದು ಕ್ಯಾಲಿಫೋರ್ನಿಯದ ಬರ್ಬ್ಯಾಂಕ್‌ನಿಂದ ಹೊರಟು 7 ಗಂಟೆ 19 ನಿಮಿಷದಲ್ಲಿ ಒಹಾಯೊದ ಕ್ಲೀವ್‌ಲ್ಯಾಂಡ್ ಮುಟ್ಟಿದ. ಆಮ್ಲಜನಕ ಮುಗಿದದ್ದರಿಂದ ಅಲ್ಲೇ ಇಳಿಯಬೇಕಾಯಿತು. ಗಂಟೆಗೆ ಸುಮಾರು 290 ಕಿಲೋಮೀಟರ್ ಹಾರಬಲ್ಲ ವಿಮಾನ ನೆಲದ ಲೆಕ್ಕದಲ್ಲಿ ಸರಾಸರಿ 450 ಕಿಲೋಮೀಟರ್ ವೇಗದಲ್ಲಿ ಬಂದಿತ್ತು. ಎಂಜಿನ್ ಕೊಡಲಾರದ ಆ ಹೆಚ್ಚುವರಿ ವೇಗವನ್ನು ಕೊಟ್ಟದ್ದು ಗಾಳಿ. ಅದೇ ವರ್ಷ ಆಗಸ್ಟಿನಲ್ಲಿ ಅಲಾಸ್ಕದಲ್ಲಿ ವಿಮಾನ ಉರುಳಿ ಪೋಸ್ಟ್ ತೀರಿಕೊಂಡ.

1939ರಲ್ಲಿ ಜರ್ಮನ್ ಹವಾಮಾನ ತಜ್ಞ ಹೈನ್ರಿಶ್ ಝೈಲ್‌ಕೋಫ್ ಇಂಥ ಗಾಳಿಗೆ ‘ಚಿಮ್ಮು ಪ್ರವಾಹ’ ಎಂಬರ್ಥದ ಹೆಸರಿಟ್ಟ. ಅದೂ ಹೆಚ್ಚು ದೂರ ಕೇಳಿಸಲಿಲ್ಲ. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು.

ಯುದ್ಧ ಕಲಿಸಿದ ಪಾಠ

1944ರ ನವೆಂಬರ್ 24ರಂದು ಪೆಸಿಫಿಕ್ಕಿನ ಸೈಪಾನ್ ದ್ವೀಪದಿಂದ ಹೊರಟ ಅಮೆರಿಕದ ಬಿ-29 ಬಾಂಬರ್‌ಗಳು ಟೋಕಿಯೊದ ಹೊರವಲಯದ ವಿಮಾನ ಎಂಜಿನ್ ಕಾರ್ಖಾನೆಯತ್ತ ಹಾರಿದವು. 9 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗಿದ್ದೇ ತಡ, ಗಾಳಿ ಅವನ್ನು ಬೆನ್ನಿಗೆ ಹಿಡಿದು ನೂಕಿತು. ನೆಲದ ಮೇಲಿನ ವೇಗ ಗಂಟೆಗೆ 700 ಕಿಲೋಮೀಟರ್ ದಾಟಿತು. ಬಾಂಬಿನ ಗುರಿ ಹಿಡಿಯುವ ಯಂತ್ರಕ್ಕೆ ಆ ವೇಗದ ಲೆಕ್ಕವೇ ಗೊತ್ತಿರಲಿಲ್ಲ. ಹೆಚ್ಚಿನ ಬಾಂಬುಗಳು ಗುರಿ ತಪ್ಪಿದವು. ಓಯಿಶಿ ಬಲೂನು ಬಿಟ್ಟದ್ದು ಇದೇ ಟೋಕಿಯೊದ ಪಕ್ಕದಲ್ಲಿ. ಆ ಗಾಳಿಯ ಅಂಕಿಗಳು ಅಚ್ಚಾಗಿ ಹದಿನೆಂಟು ವರ್ಷ ಕಳೆದಿದ್ದವು.

ಜಪಾನಿಗೆ ಮಾತ್ರ ತನ್ನ ಗಾಳಿ ಗೊತ್ತಿತ್ತು. 1944ರ ನವೆಂಬರಿನಿಂದ 1945ರ ಏಪ್ರಿಲ್‌ವರೆಗೆ ಅದು ಬಾಂಬು ಕಟ್ಟಿದ 9,000ಕ್ಕೂ ಹೆಚ್ಚು ಬಲೂನುಗಳನ್ನು ಈ ಮೇಲ್ಗಾಳಿಗೆ ಒಪ್ಪಿಸಿತು. ಕೈಯಿಂದ ಮಾಡಿದ ಕಾಗದದ ಹಾಳೆಗಳನ್ನು ಗೆಡ್ಡೆಯ ಅಂಟಿನಿಂದ ಕೂಡಿಸಿ ಆ ಬಲೂನುಗಳನ್ನು ಹೊಂದಿಸಿದವರಲ್ಲಿ ಶಾಲಾ ಬಾಲಕಿಯರೂ ಇದ್ದರು. ಸುಮಾರು ಮೂರು ದಿನಗಳಲ್ಲಿ ಬಲೂನುಗಳು ಪೆಸಿಫಿಕ್ ದಾಟುತ್ತಿದ್ದವು. 1945ರ ಮೇ 5ರಂದು ಅಮೆರಿಕದ ಆರಿಗನ್ ರಾಜ್ಯದ ಕಾಡೊಂದರಲ್ಲಿ ಬಿದ್ದಿದ್ದ ಇಂಥ ಒಂದು ಬಲೂನು ಸಿಡಿದು ಒಬ್ಬ ಗರ್ಭಿಣಿ ಮತ್ತು ಐವರು ಮಕ್ಕಳು ಸತ್ತರು. ಜ್ಞಾನ ಗೆಳೆತನದ ದಾರಿಯಲ್ಲಿ ತಲುಪದೆ ಹೋದಾಗ ಹಗೆತನದ ದಾರಿಯಲ್ಲಿ ತಲುಪಿದ್ದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ತಿಳಿದಿಲ್ಲ.

ಗಾಳಿಗೆ ಕಾರಣ ಸಿಕ್ಕಿತು

ಯುದ್ಧ ಮುಗಿದ ಮೇಲೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್-ಗುಸ್ಟಾಫ್ ರಾಸ್‌ಬಿ ಮತ್ತು ಸಹೋದ್ಯೋಗಿಗಳು ಈ ಗಾಳಿಯ ಬೆನ್ನು ಹತ್ತಿದರು. 1947ರಲ್ಲಿ ಬಂದ ಅವರ ಪ್ರಬಂಧದ ನಂತರ ‘ಜೆಟ್ ಸ್ಟ್ರೀಮ್’ ಹವಾಮಾನ ಶಾಸ್ತ್ರದಲ್ಲಿ ನೆಲೆಯೂರಿತು. ಕಾರಣ ಇಷ್ಟು: ಉಷ್ಣವಲಯದ ಗಾಳಿ ಕಾದು ಹಿಗ್ಗಿರುತ್ತದೆ, ಧ್ರುವದ ಕಡೆಯದು ತಣಿದು ಕುಗ್ಗಿರುತ್ತದೆ. ಹಾಗಾಗಿ ಎತ್ತರಕ್ಕೆ ಹೋದಷ್ಟೂ ಎರಡರ ನಡುವಿನ ಒತ್ತಡದ ವ್ಯತ್ಯಾಸ ಹೆಚ್ಚುತ್ತದೆ. ಗಾಳಿ ಧ್ರುವದತ್ತ ನುಗ್ಗಲು ಹೋದಾಗ ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಹೊರಳಿಸುತ್ತದೆ. ಬಿಸಿಲು–ಚಳಿಗಳ ಅಂತರ ಹೆಚ್ಚಿರುವ ಚಳಿಗಾಲದಲ್ಲಿ ಅದರ ರಭಸವೂ ಹೆಚ್ಚು. ನೂರಾರು ಕಿಲೋಮೀಟರ್ ಅಗಲ, ಕೆಲವೇ ಕಿಲೋಮೀಟರ್ ದಪ್ಪದ ಈ ಹರಿವು ಜೆಟ್ ವಿಮಾನಗಳು ಹಾರುವ 9ರಿಂದ 12 ಕಿಲೋಮೀಟರ್ ಎತ್ತರದಲ್ಲೇ ಇದೆ.

ಇದನ್ನು ದುಡಿಸಿಕೊಳ್ಳಲು ತಡವಾಗಲಿಲ್ಲ. 1952ರ ನವೆಂಬರ್ 18ರಂದು ಪ್ಯಾನ್ ಆಮ್ ಕಂಪನಿಯ ವಿಮಾನ ಟೋಕಿಯೊದಿಂದ ಹೊನೊಲುಲುವಿಗೆ ಬೇಕೆಂದೇ ಈ ಗಾಳಿಯೊಳಗೆ ಹಾರಿತು. 18 ಗಂಟೆ ಹಿಡಿಯುತ್ತಿದ್ದ ಪ್ರಯಾಣ ಹನ್ನೊಂದೂವರೆ ಗಂಟೆಗೆ ಮುಗಿಯಿತು.

ನಮ್ಮ ಆಕಾಶದ್ದೂ ಒಂದು ಪಾಲಿದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಇನ್ನೊಂದು ಜೆಟ್ ಸ್ಟ್ರೀಮನ್ನು ವಿವರಿಸಿದರು. ಬೇಸಿಗೆಯಲ್ಲಿ ಟಿಬೆಟ್ ಪ್ರಸ್ಥಭೂಮಿ ಕಾದು, ದಕ್ಷಿಣದ ಕಡಲಿಗಿಂತ ಉತ್ತರದ ಮೇಲ್ಗಾಳಿಯೇ ಬಿಸಿಯಾಗುತ್ತದೆ. ಆಗ ಗಾಳಿಯ ದಿಕ್ಕೂ ತಿರುಗುಮುರುಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಲೆನಾಡಿನಲ್ಲಿ ಮಳೆ ಹೊಯ್ಯುವ ಹೊತ್ತಿನಲ್ಲಿ, ಆ ಹರಿವು ದಕ್ಷಿಣ ಭಾರತದ ಮೇಲೆ ಸಾಗಿ ಅರಬ್ಬಿ ಸಮುದ್ರ ದಾಟುತ್ತದೆ.

ಉದ್ದದ ದಾರಿ, ಕಡಿಮೆ ಹೊತ್ತು

ಇಷ್ಟು ತಿಳಿದ ಮೇಲೆ ಪ್ರಶ್ನೆಯೇ ಬದಲಾಯಿತು. ಚಿಕ್ಕ ದಾರಿ ಯಾವುದು ಎಂದು ಕೇಳುವುದನ್ನು ಬಿಟ್ಟು, ಬೇಗ ಮುಟ್ಟುವ ದಾರಿ ಯಾವುದು ಎಂದು ಕೇಳತೊಡಗಿದರು. ಬೀಸುವ ಗಾಳಿಯಲ್ಲಿ ಚುಕ್ಕಾಣಿಯನ್ನು ಹೇಗೆ ತಿರುಗಿಸಿದರೆ ಅತಿ ಬೇಗ ಗುರಿ ಸೇರಬಹುದು ಎಂಬ ಲೆಕ್ಕವನ್ನು ಗಣಿತಜ್ಞ ಅರ್ನ್‌ಸ್ಟ್ ಜೆರ್ಮೆಲೊ 1931ರಲ್ಲೇ ಬಿಡಿಸಿದ್ದ. ಆಗ ಇಲ್ಲದಿದ್ದದ್ದು ಮೇಲ್ಗಾಳಿಯ ನಕ್ಷೆ ಮಾತ್ರ.

2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ತೆಗೆದು ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿಲೋಮೀಟರ್ ಉದ್ದವಾಗಿ 15,300 ಕಿಲೋಮೀಟರ್ ಆಯಿತು. ಆದರೆ ಬೆನ್ನುಗಾಳಿಯ ಬಲದಿಂದ ಪ್ರಯಾಣ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಅಟ್ಲಾಂಟಿಕ್ ದಾರಿಗಿಂತ ಇದೇ ಬೇಗ!

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು. ಪೆಸಿಫಿಕ್ ಮೇಲೆ ಪಶ್ಚಿಮಕ್ಕೆ ಬಂದಿದ್ದರೆ ಚಳಿಗಾಲದ ಜೆಟ್ ಸ್ಟ್ರೀಮ್ ಮುಖಕ್ಕೇ ರಾಚುತ್ತಿತ್ತು. ಅವರು ಉತ್ತರ ಧ್ರುವದ ಮೇಲಿಂದ ಹಾರಿ, ಸುಮಾರು 17 ಗಂಟೆಯ ಬಳಿಕ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದರು.

ಇಂದು ಪ್ರತಿ ವಿಮಾನದ ದಾರಿಯನ್ನೂ ಹೊರಡುವ ಕೆಲವು ಗಂಟೆಗಳ ಮುಂಚೆ, ಆ ದಿನದ ಗಾಳಿ ನೋಡಿ ನಿರ್ಧರಿಸುತ್ತಾರೆ. ಆ ಗಾಳಿಯ ಸುದ್ದಿ ಬರುವುದು ಉಪಗ್ರಹಗಳಿಂದ, ಹಾರುತ್ತಿರುವ ವಿಮಾನಗಳಿಂದ, ಮತ್ತು ಬಲೂನುಗಳಿಂದ. ನಮ್ಮ ಗಡಿಯಾರದ ಬೆಳಗಿನ ಮತ್ತು ಸಂಜೆಯ ಐದೂವರೆಯ ವೀಕ್ಷಣೆಗೆಂದು ಜಗತ್ತಿನ ನೂರಾರು ಕೇಂದ್ರಗಳು ಬಲೂನು ಬಿಡುತ್ತವೆ. ಮೇಲ್ಗಾಳಿ ಅಳೆಯುವ ಆ ಕೇಂದ್ರಗಳ ಪಟ್ಟಿಯಲ್ಲಿ ತತೆನೊ ಇದೆ, ಬೆಂಗಳೂರು ಇದೆ, ಮಂಗಳೂರು ಇದೆ. ಅಂಕಿಗಳನ್ನು ಎಲ್ಲ ದೇಶಗಳಿಗೂ ಅರ್ಥವಾಗುವ ಒಂದೇ ಸಂಕೇತಕ್ರಮದಲ್ಲಿ ಬರೆದು, ವಿಶ್ವ ಹವಾಮಾನ ಸಂಸ್ಥೆಯ ಜಾಲದ ಮೂಲಕ ಆಗಿಂದಾಗಲೇ ಹಂಚಿಕೊಳ್ಳುತ್ತಾರೆ. ಓಯಿಶಿ ಒಂದು ಭಾಷೆಯಿಂದ ಬಯಸಿದ್ದನ್ನು ಈ ಏರ್ಪಾಡು ನಡೆಸಿಕೊಡುತ್ತಿದೆ.

ಜೆಟ್ ಸ್ಟ್ರೀಮ್ ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಹಲವು ಹೆಸರುಗಳನ್ನು ಹೇಳುವ ರೂಢಿಯಿದೆ. ಅಳೆದು, ಎಣಿಸಿ, ಅಚ್ಚುಹಾಕಿ ಮೊದಲು ಲೋಕದ ಮುಂದಿಟ್ಟವರು ವಾಸಬುರೊ ಓಯಿಶಿ, ಆ ಗೌರವ ಅವರಿಗೇ ಸಲ್ಲಬೇಕು. ಹವಾಮಾನದ ಅಂಕಿಗಳನ್ನು ಗಡಿಯಾಚೆ ಹಂಚಬಾರದೆಂಬ ಮಾತು ಯಾವ ದೇಶದಲ್ಲಿ ಎದ್ದರೂ ನಾವು ಒಪ್ಪಬಾರದು. ಅಳತೆ ಸರಿಯಿದ್ದರಷ್ಟೇ ಸಾಲದು, ಅದು ಬೇಕಾದವರ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು.